ಇ-ಪುಸ್ತಕಗಳ ವಿತರಣೆಯಲ್ಲಿ ಅಂಶಪದ್ಧತಿಯೂ ಚಂದಾಪದ್ಧತಿಯೂ

೧. ವಿಷಯನಿರ್ದೇಶ

ಗ್ರಂಥವನ್ನು ರಚಿಸುವುದು ಒಂದು ಕಾರ್ಯ. ಅದನ್ನು ಓದುವವರ ಕೈಗೆ ಮುಟ್ಟಿಸುವುದು ಮತ್ತೊಂದು ಕಾರ್ಯ. ಮೊದಲನೆಯದಕ್ಕೆ ವಿದ್ಯೆಯೂ ಪರಿಶ್ರಮವೂ ಸಾಕು. ಎರಡನೆಯದಕ್ಕೆ ದ್ರವ್ಯವೂ ಮಧ್ಯಸ್ಥರೂ ಬೇಕು. ಗಳಗನಾಥರು (೧೮೬೯-೧೯೪೨) ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ ಸಂಗತಿಯು ಕನ್ನಡ ಸಾಹಿತ್ಯದ ಅಭ್ಯಾಸಿಗಳಿಗೆಲ್ಲ ವಿದಿತವಾಗಿಯೇ ಇದೆ. ಶಿವರಾಮ ಕಾರಂತರು ಪುತ್ತೂರಿನಲ್ಲಿ ತಮ್ಮದೇ ಆದ ಪ್ರಕಟಣಾಲಯವನ್ನು ನಡೆಯಿಸಿದರು. ಹೀಗೆ ಗ್ರಂಥಕರ್ತನೇ ಪ್ರಕಾಶಕನೂ ಆಗುವ ಕ್ರಮವು ಕನ್ನಡನಾಡಿಗೆ ಹೊಸತಲ್ಲ. ಹೊಸತಾಗಿರುವುದು ಗ್ರಂಥದ ಶರೀರ ಮಾತ್ರ. ಕಾಗದವೂ ಮಸಿಯೂ ಇಲ್ಲದೆ ಗಣಕಯಂತ್ರದಲ್ಲಿಯೂ ಮೊಬೈಲಿನಲ್ಲಿಯೂ ಓದತಕ್ಕ ಇ-ಪುಸ್ತಕವು ಬಂದ ಮೇಲೆ, ಸ್ವಂತವಾಗಿ ಪ್ರಕಾಶಪಡಿಸುವ ಲೇಖಕನು ಮುದ್ರಕನ ಋಣದಿಂದ ಬಿಡುಗಡೆ ಹೊಂದಿದನು. ಆದರೆ ವಿತರಕನ ಸಹಾಯವು ಅವನಿಗೆ ತಪ್ಪಲಿಲ್ಲ.

ಈ ವಿತರಕನು ತನ್ನ ಪ್ರತಿಫಲವನ್ನು ಎರಡು ವಿಧಗಳಲ್ಲಿ ಕೇಳುವನು. ಮಾರಾಟವಾದ ಒಂದೊಂದು ಪುಸ್ತಕದ ಹಣದಲ್ಲಿಯೂ ಇಂತಿಷ್ಟು ಭಾಗವನ್ನು ಕಮಿಷನ್ ಆಗಿ ತೆಗೆದುಕೊಳ್ಳುವುದು ಒಂದು ವಿಧ. ಮಾರಾಟವು ಎಷ್ಟೇ ಆಗಲಿ, ಆಗದೆಯೇ ಇರಲಿ, ತಿಂಗಳಿಗೆ ಅಥವಾ ವರ್ಷಕ್ಕೆ ಇಷ್ಟು ಎಂದು ಗೊತ್ತಾದ ಚಂದಾಹಣವನ್ನು ಪಡೆದು ರಾಯಲ್ಟಿಯನ್ನು ಪೂರ್ಣವಾಗಿ ಲೇಖಕನಿಗೇ ಬಿಟ್ಟುಕೊಡುವುದು ಮತ್ತೊಂದು ವಿಧ. ಮೊದಲನೆಯದನ್ನು ಅಂಶಪದ್ಧತಿಯೆಂದೂ ಎರಡನೆಯದನ್ನು ಚಂದಾಪದ್ಧತಿಯೆಂದೂ ಇಲ್ಲಿ ವ್ಯವಹರಿಸಲಾಗುವುದು. ಇವೆರಡರಲ್ಲಿ ಯಾವುದು ಗ್ರಂಥಕರ್ತನಿಗೆ, ಅದರಲ್ಲಿಯೂ ವಿದ್ವತ್ಕೃತಿಗಳನ್ನು ರಚಿಸುವವನಿಗೆ, ಹಿತವಾದುದೆಂಬುದೇ ಪ್ರಕೃತ ಲೇಖನದ ವಿಚಾರ.

ಮೊದಲಿಗೆ ಒಂದು ಶಬ್ದಭ್ರಾಂತಿಯನ್ನು ಪರಿಹರಿಸಬೇಕಾಗಿದೆ. ಚಂದಾ ಎಂಬ ಮಾತು ಓದುಗರು ಕೊಡುವ ಚಂದಾಕ್ಕೂ ಸಲ್ಲುತ್ತದೆ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಪೋಪ್ ಕವಿಯು ತನ್ನ ಇಲಿಯಡ್ ಭಾಷಾಂತರವನ್ನು ೧೭೧೫ರಿಂದ ೧೭೨೦ರವರೆಗೆ ಆರು ಸಂಪುಟಗಳಲ್ಲಿ ಹೊರಡಿಸಿದುದು ಓದುಗರ ಮುಂಗಡ ಚಂದಾದಿಂದಲೇ. ಅಮೆಜಾನ್ ಸಂಸ್ಥೆಯವರು ೨೦೧೪ರಲ್ಲಿ ಆರಂಭಿಸಿದ ಕಿಂಡಲ್ ಅನ್‌ಲಿಮಿಟೆಡ್ ಎಂಬ ಏರ್ಪಾಟಿನಲ್ಲಿಯೂ ಚಂದಾ ಕೊಡುವವನು ಓದುಗನು. ೨೦೧೫ರ ಜುಲೈ ತಿಂಗಳಿನಿಂದ ಅಲ್ಲಿ ಲೇಖಕನಿಗೆ ಓದಲ್ಪಟ್ಟ ಪುಟಗಳ ಸಂಖ್ಯೆಯನ್ನು ಅನುಸರಿಸಿ ಹಣ ಸಲ್ಲುತ್ತ ಬಂದಿದೆ. ಪ್ರಕೃತ ವಿಚಾರಿಸತಕ್ಕುದು ಈ ಚಂದಾ ಅಲ್ಲ. ಲೇಖಕನೇ ವಿತರಕನಿಗೆ ತೆರುವ ಚಂದಾ.

೨. ವಿತರಕನ ಸ್ಥಾನ

ಇ-ಪುಸ್ತಕದ ವ್ಯಾಪಾರದಲ್ಲಿ ಮೂವರು ಇರುವರು: ಲೇಖಕ, ವಿತರಕ, ಅಂಗಡಿಯವ. ಇವರಲ್ಲಿ ಅಂಗಡಿಯವನು ಮೊದಲು ಹುಟ್ಟಿದನು. ಅಮೆಜಾನ್ ಸಂಸ್ಥೆಯು ೨೦೦೭ರ ನವೆಂಬರಿನಲ್ಲಿ ಕಿಂಡಲ್ ಎಂಬ ಓದುವ ಯಂತ್ರವನ್ನು ಹೊರತಂದಾಗಲೇ, ಲೇಖಕರು ತಮ್ಮ ಗ್ರಂಥಗಳನ್ನು ತಾವೇ ತಂದೊಪ್ಪಿಸುವುದಕ್ಕೆ ಒಂದು ದ್ವಾರವನ್ನೂ ತೆರೆಯಿತು. ಮೊದಲು ಲೇಖಕನಿಗೆ ಸಲ್ಲುತ್ತಿದ್ದುದು ಬೆಲೆಯಲ್ಲಿ ನೂರಕ್ಕೆ ೩೫ ಮಾತ್ರ. ೨೦೧೦ರ ಜೂನ್ ಅಂತ್ಯದಿಂದ, ೨.೯೯ ಡಾಲರಿಗೆ ಕಡಮೆಯಿಲ್ಲದೆ ೯.೯೯ ಡಾಲರಿಗೆ ಹೆಚ್ಚಿಲ್ಲದೆ ಬೆಲೆಯಿಟ್ಟ ಪುಸ್ತಕಗಳಿಗೆ ನೂರಕ್ಕೆ ೭೦ರ ದರವೂ ಏರ್ಪಟ್ಟಿತು. ಅದೇ ವರ್ಷದ ಏಪ್ರಿಲಿನಲ್ಲಿ ಆಪಲ್ ಸಂಸ್ಥೆಯು ತನ್ನ ಪುಸ್ತಕದಂಗಡಿಯನ್ನು ತೆರೆದು, ಬೆಲೆಯಲ್ಲಿ ನೂರಕ್ಕೆ ೩೦ನ್ನು ತಾನಿಟ್ಟುಕೊಳ್ಳುವ ಪದ್ಧತಿಯನ್ನು ಹಿಡಿಯಿತು. ಬಾರ್ನ್ಸ್ ಅಂಡ್ ನೋಬಲ್ ೨೦೧೦ರಲ್ಲಿಯೂ ಕೆನಡಾ ದೇಶದ ಕೋಬೋ ೨೦೧೨ರಲ್ಲಿಯೂ ಲೇಖಕರಿಗೆ ತಮ್ಮ ಬಾಗಿಲುಗಳನ್ನು ತೆರೆದುವು.

ಹೀಗೆ ಅಂಗಡಿಗಳು ಹೆಚ್ಚಿದಂತೆಲ್ಲ ಲೇಖಕನ ತೊಡಕೂ ಹೆಚ್ಚಿತು. ಒಂದೊಂದು ಅಂಗಡಿಗೂ ಬೇರೆ ಬೇರೆ ಖಾತೆ, ಬೇರೆ ಬೇರೆ ಕರಾರು, ಬೇರೆ ಬೇರೆ ಲೆಕ್ಕ. ಬೆಲೆಯನ್ನು ಹತ್ತು ರೂಪಾಯಿ ಇಳಿಸಬೇಕಾದರೆ ಹತ್ತು ಕಡೆಗೆ ಹೋಗಿ ತಿದ್ದಬೇಕು. ಈ ಶ್ರಮವನ್ನು ಲೇಖಕನ ಪರವಾಗಿ ವಹಿಸಿಕೊಳ್ಳುವವನೇ ವಿತರಕನು. ಹಸ್ತಪ್ರತಿಯನ್ನು ಇ-ಪುಸ್ತಕದ ರೂಪಕ್ಕೆ ತಿರುಗಿಸುವುದು, ಗ್ರಂಥದ ಹೆಸರು ವಿಷಯ ಮೊದಲಾದ ವಿವರಗಳನ್ನು ಎಲ್ಲ ಅಂಗಡಿಗಳಿಗೂ ಕಳುಹುವುದು, ಮಾರಾಟದ ಲೆಕ್ಕವನ್ನು ಒಟ್ಟುಗೂಡಿಸುವುದು, ಬಂದ ಹಣವನ್ನು ಲೇಖಕನಿಗೆ ಮುಟ್ಟಿಸುವುದು ಇವು ಅವನ ಕರ್ತವ್ಯಗಳು. ಅಮೆರಿಕದಲ್ಲಿ ಮಾರ್ಕ್ ಕೋಕರ್ ಎಂಬವನು ೨೦೦೮ರಲ್ಲಿ ಆರಂಭಿಸಿದ ಸ್ಮ್ಯಾಶ್‌ವರ್ಡ್ಸ್, ಒಕ್ಲಹೋಮಾ ನಗರದಲ್ಲಿ ೨೦೧೨ರಲ್ಲಿ ಹುಟ್ಟಿದ ಡ್ರಾಫ್ಟ್‌ಟುಡಿಜಿಟಲ್, ಹಂಗೆರಿಯ ಬುಡಾಪೆಸ್ಟಿನಲ್ಲಿ ೨೦೧೫ರಲ್ಲಿ ಸ್ಥಾಪಿತವಾದ ಪಬ್ಲಿಷ್‌ಡ್ರೈವ್ ಇವು ಇಂತಹ ವಿತರಣಸಂಸ್ಥೆಗಳು. ಇವುಗಳಲ್ಲಿ ಮೊದಲಿನ ಎರಡೂ ೨೦೨೨ರಲ್ಲಿ ಒಂದಾದುವು.

ಒಂದೇ ಅಂಗಡಿಗೆ ಕಟ್ಟುಬಿದ್ದ ಲೇಖಕನಿಗೆ ಮಾತ್ರ ವಿತರಕನ ಅಗತ್ಯವಿಲ್ಲ. ಅಮೆಜಾನಿನವರು ೨೦೧೧ರ ಡಿಸೆಂಬರಿನಲ್ಲಿ ಏರ್ಪಡಿಸಿದ ಕೆಡಿಪಿ ಸೆಲೆಕ್ಟ್ ಎಂಬ ಕರಾರಿನಲ್ಲಿ, ತೊಂಬತ್ತು ದಿನಗಳ ಅವಧಿಗೆ ಇ-ಪುಸ್ತಕವನ್ನು ಬೇರೆಲ್ಲಿಯೂ ಮಾರಕೂಡದೆಂಬ ನಿರ್ಬಂಧವಿದೆ. ಅದಕ್ಕೊಪ್ಪಿದವನು ಮುಂದಿನ ವಿಚಾರಕ್ಕೆ ಹೊರಗಾದವನು.

೩. ಎರಡು ಪದ್ಧತಿಗಳ ಸ್ವರೂಪ

ಸ್ಮ್ಯಾಶ್‌ವರ್ಡ್ಸ್, ಡ್ರಾಫ್ಟ್‌ಟುಡಿಜಿಟಲ್ ಇವೆರಡೂ ಅಂಶಪದ್ಧತಿಯ ಮೇಲೆ ಬೆಳೆದ ಸಂಸ್ಥೆಗಳು. ಬೇರೆ ಅಂಗಡಿಗಳ ಮೂಲಕ ಆದ ಮಾರಾಟದಲ್ಲಿ ಅವು ತೆಗೆದುಕೊಂಡ ಭಾಗವು ಪುಸ್ತಕದ ಮುಖಬೆಲೆಯ ಹತ್ತನೆಯ ಒಂದು ಪಾಲು. ಪಬ್ಲಿಷ್‌ಡ್ರೈವ್ ಕೂಡ ಮೊದಲು ಇದೇ ದಶಮಾಂಶವನ್ನು ತೆಗೆದುಕೊಳ್ಳುತ್ತಿದ್ದು, ಆಮೇಲೆ ತಿಂಗಳ ಚಂದಾದ ಪದ್ಧತಿಯನ್ನು ತಂದು, ಅಂಗಡಿಗಳಿಂದ ಬಂದ ಹಣವನ್ನೆಲ್ಲ ಲೇಖಕನಿಗೇ ಬಿಡುವುದಾಗಿ ಸಾರಿತು. ಒಂದೇ ಸಂಸ್ಥೆಯು ಒಂದು ಪಕ್ಷದಿಂದ ಮತ್ತೊಂದಕ್ಕೆ ತಿರುಗಿದುದರಿಂದಲೇ ಈ ಪ್ರಶ್ನೆಯು ಅಲ್ಪವಾದುದಲ್ಲವೆಂದು ತಿಳಿಯಬಹುದು.

ಇಲ್ಲಿ ಎರಡು ಮಾತುಗಳ ಅರ್ಥವನ್ನು ಜಾಗರೂಕತೆಯಿಂದ ಗ್ರಹಿಸಬೇಕು. ಚಂದಾಪದ್ಧತಿಯವರು ‘ನೂರಕ್ಕೆ ನೂರು ರಾಯಲ್ಟಿ’ ಎನ್ನುವರು. ಇದನ್ನು ಕೇಳಿದವರು ಪುಸ್ತಕದ ಬೆಲೆಯೆಲ್ಲ ತಮಗೇ ಬರುವುದೆಂದು ಭ್ರಮಿಸಬಾರದು. ಅಂಗಡಿಯವನ ಪಾಲು ಮೊದಲೇ ಕಳೆದುಹೋಗಿರುತ್ತದೆ. ಉಳಿದುದರಲ್ಲಿ ಮಾತ್ರ ನೂರಕ್ಕೆ ನೂರು. ಅಂಶಪದ್ಧತಿಯವರು ‘ಹತ್ತನೆಯ ಒಂದು ಪಾಲು’ ಎನ್ನುವರು. ಇದೂ ಪೂರ್ತಿಯಾಗಿ ತೋರಿದಂತೆ ಇಲ್ಲ. ೨೦೦ ರೂಪಾಯಿ ಬೆಲೆಯ ಪುಸ್ತಕದಲ್ಲಿ ಅಂಗಡಿಯವನು ನೂರಕ್ಕೆ ೩೦ರಂತೆ ೬೦ ರೂಪಾಯಿಗಳನ್ನು ಹಿಡಿದುಕೊಂಡರೆ ಉಳಿಯುವುದು ೧೪೦. ವಿತರಕನ ದಶಮಾಂಶವು ಮುಖಬೆಲೆಯ ಮೇಲೆ ಎಣಿಸಲ್ಪಡುವುದರಿಂದ ೨೦ ರೂಪಾಯಿ ಆಗುತ್ತದೆ. ೧೪೦ರಲ್ಲಿ ೨೦ ಎಂದರೆ ಏಳನೆಯ ಒಂದು ಪಾಲು. ಮಾತಿನಲ್ಲಿ ದಶಮಾಂಶ, ಲೇಖಕನ ಕೈಗೆ ಬರತಕ್ಕ ಹಣದಲ್ಲಿ ಸಪ್ತಮಾಂಶ. ಆದುದರಿಂದ ಭಾಗವೆಷ್ಟು ಎಂದು ಕೇಳುವುದರೊಡನೆ ಯಾವುದರ ಭಾಗವೆಂದೂ ಕೇಳತಕ್ಕುದು.

೪. ಪೂರ್ವನಿದರ್ಶನಗಳು

ಈ ದ್ವೈವಿಧ್ಯವು ಇ-ಪುಸ್ತಕದೊಡನೆ ಹುಟ್ಟಿದುದಲ್ಲ. ಹೊಲವನ್ನು ವಾರಕ್ಕೆ ಕೊಡುವುದೂ ಗುತ್ತಿಗೆಗೆ ಕೊಡುವುದೂ ರೈತರೆಲ್ಲರೂ ಬಲ್ಲ ಭೇದ. ವಾರದಲ್ಲಿ ಬೆಳೆ ಬಂದಷ್ಟರಲ್ಲಿ ಪಾಲು; ಮಳೆ ಹೋದ ವರ್ಷ ಇಬ್ಬರಿಗೂ ನಷ್ಟ. ಗುತ್ತಿಗೆಯಲ್ಲಿ ಬೆಳೆ ಬರಲಿ ಬಾರದಿರಲಿ ಗೊತ್ತಾದುದನ್ನು ಅಳೆಯಲೇಬೇಕು. ಕನ್ನಡ ಶಾಸನಗಳಲ್ಲಿ ಕಾಣಬರುವ ‘ಸಿದ್ಧಾಯ’ವೆಂಬ ತೆರಿಗೆಯು ಹೀಗೆ ಮೊದಲೇ ಗೊತ್ತುಮಾಡಿದ ಆದಾಯ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸೀತಾಧ್ಯಕ್ಷನ ಪ್ರಕರಣದಲ್ಲಿ, ಅರ್ಧಪಾಲಿಗೆ ಉಳುವವರನ್ನೂ, ದೇಹಶ್ರಮವನ್ನು ಮಾತ್ರ ಕೊಟ್ಟು ನಾಲ್ಕನೆಯ ಅಥವಾ ಐದನೆಯ ಪಾಲನ್ನು ಪಡೆಯುವವರನ್ನೂ ಬೇರೆ ಬೇರೆಯಾಗಿ ಹೇಳಿದೆ. ಕೊಟ್ಟ ಸಾಧನಕ್ಕೆ ತಕ್ಕ ಪಾಲು ಎಂಬುದು ಅಲ್ಲಿನ ತತ್ತ್ವ.

ಇದಕ್ಕಿಂತಲೂ ಸಮೀಪವಾದ ನಿದರ್ಶನವು ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ದೊರೆಯುತ್ತದೆ. ಕೂಲಿಯನ್ನು ಮೊದಲು ನಿಶ್ಚಯಿಸದೆ ಒಬ್ಬನಿಂದ ಕೆಲಸ ಮಾಡಿಸಿಕೊಂಡವನು, ವಾಣಿಜ್ಯ, ಪಶು, ಸಸ್ಯಗಳಿಂದ ಬಂದ ಲಾಭದ ಹತ್ತನೆಯ ಒಂದು ಪಾಲನ್ನು ಕೆಲಸಗಾರನಿಗೆ ಕೊಡತಕ್ಕುದೆಂದು ಅಲ್ಲಿನ ವಿಧಿ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (೧೦೭೬-೧೧೨೬) ಈ ಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಕನ್ನಡನಾಡಿನಲ್ಲಿದ್ದವನೇ. ನಿಶ್ಚಿತವಾದ ಭೃತಿ ಒಂದು, ಅದಿಲ್ಲದಾಗ ಲಾಭದಲ್ಲಿ ದಶಮಾಂಶ ಮತ್ತೊಂದು ಎಂಬ ವಿಭಾಗವು ಇಂದಿನ ವಿತರಕರ ವಿಭಾಗವನ್ನೇ ಹೋಲುತ್ತದೆ. ದಶಮಾಂಶವೆಂಬ ಪ್ರಮಾಣವು ಎರಡೂ ಕಡೆಗಳಲ್ಲಿ ಸಮವಾಗಿರುವುದು ಕಾಕತಾಳೀಯವೇ ಆಗಿರಬಹುದು. ಆದರೆ ತತ್ತ್ವವು ಒಂದೇ.

ಗ್ರಂಥಪ್ರಕಾಶನದಲ್ಲಿಯೇ ಒಂದು ನಿದರ್ಶನ ಬೇಕಾದರೆ ಇಂಗ್ಲೆಂಡಿನ ಕಾದಂಬರಿಕಾರ್ತಿ ಜೇನ್ ಆಸ್ಟೆನಳ ಚರಿತ್ರೆಯನ್ನು ನೋಡಬಹುದು. ೧೮೧೧ರಲ್ಲಿ ಅವಳ ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ ಹೊರಟಾಗ ಮುದ್ರಣದ ವೆಚ್ಚವೆಲ್ಲ ಅವಳದು. ಲಂಡನಿನ ಎಗರ್ಟನ್ ಎಂಬ ಪ್ರಕಾಶಕನು ಮಾರಾಟದ ಮೇಲೆ ಕಮಿಷನ್ ಮಾತ್ರ ಪಡೆದನು. ಅದರಲ್ಲಿ ಅವಳಿಗೆ ೧೪೦ ಪೌಂಡು ಲಾಭವಾಯಿತು. ೧೮೧೩ರಲ್ಲಿ ಹೊರಬಂದ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಗ್ರಂಥದ ಹಕ್ಕನ್ನಾದರೋ ೧೧೦ ಪೌಂಡಿಗೆ ಒಮ್ಮೆಗೇ ಮಾರಿಬಿಟ್ಟಳು. ಮುಂದಿನ ಮುದ್ರಣಗಳ ಲಾಭವೆಲ್ಲ ಪ್ರಕಾಶಕನಿಗೆ ಸೇರಿತು. ಆಮೇಲೆ ಮರ್ರೆ ಎಂಬ ಪ್ರಕಾಶಕನು ‘ಎಮ್ಮಾ’ ಗ್ರಂಥವನ್ನು ದಶಮಾಂಶದ ಕಮಿಷನ್ನಿಗೆ ಪ್ರಕಟಿಸಿದನು. ಆ ಪುಸ್ತಕದಿಂದ ಮೊದಲು ೨೨೧ ಪೌಂಡಿನಷ್ಟು ಲಾಭ ಬಂದಿತಾದರೂ, ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ ಗ್ರಂಥದ ಎರಡನೆಯ ಮುದ್ರಣದಲ್ಲಿ ಆದ ನಷ್ಟವನ್ನು ಅದರಲ್ಲಿ ವಜಾ ಮಾಡಿದುದರಿಂದ ಅವಳ ಕೈಗೆ ಮೊದಲು ಬಂದುದು ೩೯ ಪೌಂಡಿಗೂ ಕಡಮೆ.

ಈ ಕಥೆಯಲ್ಲಿ ಗಮನಿಸತಕ್ಕ ಅಂಶವು ಇದು. ಕಮಿಷನ್ ಪಡೆದ ಪ್ರಕಾಶಕನಿಗೆ ನಷ್ಟವಿಲ್ಲ, ನಷ್ಟವೆಲ್ಲ ಲೇಖಕಿಯದು. ಕಾರಣವೇನು? ಕಾಗದ, ಅಚ್ಚು, ಕಟ್ಟಡ ಇವುಗಳ ವೆಚ್ಚವು ಪುಸ್ತಕವು ಮಾರಾಟವಾಗುವ ಮೊದಲೇ ಅವಳ ಮೇಲೆ ಬಿದ್ದಿತ್ತು. ಇ-ಪುಸ್ತಕದಲ್ಲಿ ಕಾಗದವೂ ಅಚ್ಚೂ ಇಲ್ಲವಾದುದರಿಂದ ಆ ಪೂರ್ವವ್ಯಯವು ಹೋಯಿತು. ತಿದ್ದುವಿಕೆಗೂ ಮುಖಚಿತ್ರಕ್ಕೂ ಒಂದು ಸಾರಿ ತಗಲುವ ವೆಚ್ಚ ಉಳಿಯಿತೇ ಹೊರತು, ಮಾರಾಟವಾಗದ ಪ್ರತಿಗಳ ರಾಶಿಯು ಮನೆಯಲ್ಲಿ ಉಳಿಯುವ ಭಯವು ಉಳಿಯಲಿಲ್ಲ. ಇಂತಿರುವಲ್ಲಿ ಅಂಶಪದ್ಧತಿಯನ್ನು ಹಿಡಿದ ಲೇಖಕನಿಗೆ ವಿತರಣೆಯಿಂದ ನಷ್ಟವೆಂಬುದೇ ಇಲ್ಲ. ಮಾರಿದರೆ ಪಾಲು ಕೊಡುವನು, ಮಾರದಿದ್ದರೆ ಕೊಡುವುದು ಶೂನ್ಯ. ಚಂದಾಪದ್ಧತಿಯಾದರೋ, ಮುದ್ರಣಯಂತ್ರದೊಡನೆ ಹೊರಟುಹೋದ ಆ ಪೂರ್ವವ್ಯಯವನ್ನು ಮತ್ತೊಂದು ಬಾಗಿಲಿನಿಂದ ಒಳಕ್ಕೆ ಕರೆತರುತ್ತದೆ; ಅದೂ ಒಮ್ಮೆಗಲ್ಲ, ವರ್ಷ ವರ್ಷವೂ.

೫. ಲೆಕ್ಕದ ವಿಚಾರ

ತತ್ತ್ವವು ಹಾಗಿರಲಿ, ಲೆಕ್ಕವೇನು ಹೇಳುತ್ತದೆಂಬುದನ್ನು ಸ್ಥಾಲೀಪುಲಾಕನ್ಯಾಯದಿಂದ ಒಂದು ಕಲ್ಪಿತ ಉದಾಹರಣೆಯಲ್ಲಿ ನೋಡೋಣ. ಪುಸ್ತಕದ ಬೆಲೆ ೨೦೦ ರೂಪಾಯಿ. ಅಂಗಡಿಯವನ ಪಾಲು ಕಳೆದು ಉಳಿದುದು ೧೪೦. ಅಂಶಪದ್ಧತಿಯಲ್ಲಿ ವಿತರಕನಿಗೆ ೨೦, ಲೇಖಕನಿಗೆ ೧೨೦. ಚಂದಾಪದ್ಧತಿಯಲ್ಲಿ ಲೇಖಕನಿಗೆ ೧೪೦ ಪೂರ್ತಿ. ಆದರೆ ತಿಂಗಳಿಗೆ ೨೦೦ರಂತೆ ವರ್ಷಕ್ಕೆ ೨,೪೦೦ ರೂಪಾಯಿ ಚಂದಾ.

ವರ್ಷಕ್ಕೆ ೧೦ ಪ್ರತಿ ಮಾರಾಟವಾದರೆ: ಅಂಶಪದ್ಧತಿಯಲ್ಲಿ ೧,೨೦೦ ರೂಪಾಯಿ ಆದಾಯ, ಚಂದಾಪದ್ಧತಿಯಲ್ಲಿ ೧,೦೦೦ ರೂಪಾಯಿ ನಷ್ಟ.

೩೦ ಪ್ರತಿ ಮಾರಾಟವಾದರೆ: ಅಂಶಪದ್ಧತಿಯಲ್ಲಿ ೩,೬೦೦, ಚಂದಾಪದ್ಧತಿಯಲ್ಲಿ ೧,೮೦೦.

೧೨೦ ಪ್ರತಿ ಮಾರಾಟವಾದರೆ: ಎರಡರಲ್ಲಿಯೂ ೧೪,೪೦೦.

೫೦೦ ಪ್ರತಿ ಮಾರಾಟವಾದರೆ: ಅಂಶಪದ್ಧತಿಯಲ್ಲಿ ೬೦,೦೦೦, ಚಂದಾಪದ್ಧತಿಯಲ್ಲಿ ೬೭,೬೦೦.

ಸಮತೆಯ ಬಿಂದುವನ್ನು ಕಂಡುಹಿಡಿಯುವ ಕ್ರಮವು ಸುಲಭವಾದುದು: ವರ್ಷದ ಚಂದಾವನ್ನು ಒಂದು ಪ್ರತಿಯಲ್ಲಿ ಸಲ್ಲುವ ಕಮಿಷನ್ನಿನಿಂದ ಭಾಗಿಸಬೇಕು. ೨,೪೦೦ನ್ನು ೨೦ರಿಂದ ಭಾಗಿಸಿದರೆ ೧೨೦. ಅದಕ್ಕೆ ಮೇಲೆ ಮಾರುವವನಿಗೆ ಚಂದಾ ಲಾಭಕರ, ಕೆಳಗೆ ಮಾರುವವನಿಗೆ ಅಂಶ ಲಾಭಕರ. ವರ್ಷಕ್ಕೆ ೧೮ ಪ್ರತಿಗಳಾದರೂ ಮಾರದ ಪುಸ್ತಕಕ್ಕೆ ಲೇಖಕನು ಕೈಯಿಂದ ಹಣ ಹಾಕಬೇಕಾಗುತ್ತದೆ. ಒಂದೇ ಚಂದಾದಲ್ಲಿ ಆರು ಪುಸ್ತಕಗಳಿಗೆ ಎಡೆಯಿದ್ದರೆ ಒಂದೊಂದು ಪುಸ್ತಕವು ವರ್ಷಕ್ಕೆ ೨೦ ಪ್ರತಿ ಮಾರಾಟವಾದರೂ ಸಮತೆ ಬರುತ್ತದೆ. ಆದಕಾರಣ ಬಹುಗ್ರಂಥಕರ್ತನ ಲೆಕ್ಕವು ಏಕಗ್ರಂಥಕರ್ತನ ಲೆಕ್ಕದಿಂದ ಭಿನ್ನವಾದುದು.

ಆದರೆ ಒಂದು ವರ್ಷದ ಲೆಕ್ಕದಿಂದ ನಿರ್ಣಯಿಸಿದವನು ಮೋಸಹೋಗುವನು. ಪುಸ್ತಕವು ಮೊದಲನೆಯ ವರ್ಷ ಮಾರಾಟವಾದಂತೆ ಐದನೆಯ ವರ್ಷ ಮಾರಾಟವಾಗುವುದಿಲ್ಲ. ಮೇಲಿನ ಪುಸ್ತಕವೇ ಕ್ರಮವಾಗಿ ೨೦೦, ೬೦, ೩೦, ೧೫, ೧೦ ಪ್ರತಿಗಳಂತೆ ಐದು ವರ್ಷಗಳಲ್ಲಿ ೩೧೫ ಪ್ರತಿ ಹೋಯಿತೆಂದು ಭಾವಿಸೋಣ. ಮೊದಲ ವರ್ಷ ಚಂದಾಪದ್ಧತಿಯಿಂದ ೧,೬೦೦ ರೂಪಾಯಿ ಉಳಿತಾಯವಾಗಿ ಲೇಖಕನು ಸಂತೋಷಪಡುವನು. ಎರಡನೆಯ ವರ್ಷವೇ ೧,೨೦೦ ಹೆಚ್ಚು ತೆರುವನು. ಐದು ವರ್ಷಗಳ ಅಂತ್ಯಕ್ಕೆ ಅಂಶಪದ್ಧತಿಯಲ್ಲಿ ವಿತರಕನಿಗೆ ಸಲ್ಲುತ್ತಿದ್ದುದು ೬,೩೦೦. ಚಂದಾದಲ್ಲಿ ಸಂದುದು ೧೨,೦೦೦. ಆರಂಭದ ಉತ್ಸಾಹದಲ್ಲಿ ಚಂದಾವನ್ನು ಒಪ್ಪಿದವನು ಪುಸ್ತಕದ ವೃದ್ಧಾಪ್ಯದಲ್ಲಿ ಅದರ ಭಾರವನ್ನು ಹೊರುವನು.

೬. ಚಂದಾಪಕ್ಷದ ವಾದ

ಹೀಗಿದ್ದರೂ ಚಂದಾಪಕ್ಷದಲ್ಲಿ ಯುಕ್ತಿಯಿಲ್ಲವೆಂದು ತಿಳಿಯಬಾರದು. ಆ ಪಕ್ಷದವರು ಹೇಳಬಹುದಾದುದು ಇದು.

ಮೊದಲನೆಯದಾಗಿ, ಪುಸ್ತಕವು ಹತ್ತು ಪ್ರತಿ ಮಾರಾಟವಾದರೂ ಸಾವಿರ ಪ್ರತಿ ಮಾರಾಟವಾದರೂ ವಿತರಕನ ಶ್ರಮವು ಹೆಚ್ಚುಕಡಮೆ ಒಂದೇ. ಶ್ರಮವು ಸಮನಾಗಿರುವಾಗ ಹೆಚ್ಚು ಮಾರಿದವನಿಂದ ಹೆಚ್ಚು ಪಡೆಯುವುದು ನ್ಯಾಯವಲ್ಲ. ಎರಡನೆಯದಾಗಿ, ಅಂಶಪದ್ಧತಿಯಲ್ಲಿ ಮಾರಾಟವಾಗುವ ಗ್ರಂಥಗಳು ಮಾರಾಟವಾಗದ ಗ್ರಂಥಗಳ ವೆಚ್ಚವನ್ನು ಹೊರುತ್ತವೆ. ಒಬ್ಬನ ಯಶಸ್ಸಿಗೆ ಮತ್ತೊಬ್ಬನ ವಿಫಲತೆಯ ಸುಂಕ ಬೀಳುತ್ತದೆ. ಮೂರನೆಯದಾಗಿ, ಪ್ರವೇಶಕ್ಕೆ ಹಣವಿಲ್ಲವಾದರೆ ಯೋಗ್ಯಾಯೋಗ್ಯವಿವೇಚನೆಯಿಲ್ಲದೆ ಪುಸ್ತಕಗಳ ಪ್ರವಾಹವೇ ನುಗ್ಗುತ್ತದೆ. ಈ ಭಯವು ಕಾಲ್ಪನಿಕವಲ್ಲ. ಯಂತ್ರಗಳೇ ಬರೆದ ಪುಸ್ತಕಗಳು ಹೆಚ್ಚುತ್ತಿದ್ದ ಕಾಲದಲ್ಲಿ, ೨೦೨೩ರ ಸೆಪ್ಟೆಂಬರಿನಲ್ಲಿ, ಅಮೆಜಾನಿನವರು ಒಬ್ಬನು ಒಂದು ದಿನಕ್ಕೆ ಮೂರಕ್ಕಿಂತ ಹೆಚ್ಚು ಹೊಸ ಪುಸ್ತಕಗಳನ್ನು ಸೇರಿಸಕೂಡದೆಂದು ಮಿತಿ ಹಾಕಬೇಕಾಯಿತು. ನಾಲ್ಕನೆಯದಾಗಿ, ನಿಶ್ಚಿತವಾದ ಆದಾಯವಿಲ್ಲದ ವಿತರಣಸಂಸ್ಥೆಯು ಬಹುಕಾಲ ಬಾಳಲಾರದು. ಸಂಸ್ಥೆಯೇ ಮುಳುಗಿದರೆ ಲೇಖಕನ ಗತಿಯೇನು?

೭. ಸಮಾಧಾನ

ಮೊದಲನೆಯ ಯುಕ್ತಿಯು ಅರ್ಧಸತ್ಯ. ವಿತರಕನಿಗೆ ಕೊಡುವ ಪಾಲು ಶ್ರಮದ ಬೆಲೆ ಮಾತ್ರವಾಗಿದ್ದರೆ ಅದು ಒಪ್ಪತಕ್ಕ ಮಾತೇ ಆಗುತ್ತಿತ್ತು. ಆದರೆ ಅದು ಅನಿಶ್ಚಯವನ್ನು ಹೊತ್ತುದರ ಬೆಲೆಯೂ ಅಹುದು. ಪುಸ್ತಕವು ಮಾರಾಟವಾಗದಿದ್ದಾಗ ಅಂಶಪದ್ಧತಿಯ ವಿತರಕನು ತನ್ನ ಶ್ರಮವನ್ನು ಕಳೆದುಕೊಳ್ಳುವನು. ಆ ನಷ್ಟಕ್ಕೆ ಸಿದ್ಧನಾದುದಕ್ಕಾಗಿಯೇ ಮಾರಾಟವಾದಾಗ ಹೆಚ್ಚು ಪಡೆಯುವನು. ಅನಿಶ್ಚಯವೇ ಇಲ್ಲದ ಲೇಖಕನು, ಎಂದರೆ ಹತ್ತಾರು ಪುಸ್ತಕಗಳನ್ನು ಬರೆದು ಪ್ರತಿವರ್ಷವೂ ಸಾವಿರಾರು ಪ್ರತಿಗಳನ್ನು ಮಾರುವವನು, ಆ ಬೆಲೆಯನ್ನು ತೆರಬೇಕಾದುದಿಲ್ಲ. ಅವನು ಚಂದಾ ಕೊಟ್ಟು ಪೂರ್ಣಫಲವನ್ನು ಪಡೆಯುವುದೇ ಯುಕ್ತ.

ಎರಡನೆಯ ಯುಕ್ತಿಗೆ ಉತ್ತರವೇನೆಂದರೆ, ಮಾರಾಟವಾಗುವ ಪುಸ್ತಕ, ಮಾರಾಟವಾಗದ ಪುಸ್ತಕ ಎಂದು ಎರಡು ಜಾತಿಗಳು ಶಾಶ್ವತವಾಗಿ ಬೇರೆಬೇರೆಯಾಗಿಲ್ಲ. ಒಂದೇ ಪುಸ್ತಕವು ತನ್ನ ಯೌವನದಲ್ಲಿ ಮೊದಲನೆಯ ಜಾತಿಗೂ ವಾರ್ಧಕದಲ್ಲಿ ಎರಡನೆಯ ಜಾತಿಗೂ ಸೇರುತ್ತದೆ. ಆದುದರಿಂದ ಅಂಶಪದ್ಧತಿಯಲ್ಲಿ ಲೇಖಕನು ಬಹುಮಟ್ಟಿಗೆ ತನ್ನ ಪುಸ್ತಕದ ಮುಪ್ಪಿಗೆ ತಾನೇ ಕೂಡಿಡುವನು.

ಮೂರನೆಯದರಲ್ಲಿ ಹೇಳಿದ ದೋಷವು ನಿಜ. ಹೇಳಿದ ಔಷಧವು ಸಲ್ಲದು. ಚಂದಾವು ಜರಡಿಯೆಂದು ಒಪ್ಪಿದರೂ ಅದು ಸೋಸುವುದು ಹಣದ ಚೀಲವನ್ನು; ಗುಣವನ್ನಲ್ಲ. ಯಂತ್ರದಿಂದ ನೂರು ಪುಸ್ತಕಗಳನ್ನು ಉತ್ಪತ್ತಿಮಾಡುವವನಿಗೆ ಚಂದಾವು ನೂರರಲ್ಲಿ ಹಂಚಿ ಹಗುರವಾಗುತ್ತದೆ. ಹದಿನೈದು ವರ್ಷ ದುಡಿದು ಒಂದು ಶಬ್ದಕೋಶವನ್ನು ಮುಗಿಸಿದವನಿಗೆ ಅದೇ ಚಂದಾವು ಪೂರ್ಣಭಾರವಾಗುತ್ತದೆ. ಜರಡಿಯೇ ಬೇಕಾದರೆ ಪ್ರವೇಶಕಾಲದಲ್ಲಿ ಒಂದು ಸಾರಿ ಅಲ್ಪಶುಲ್ಕವನ್ನು ತೆಗೆದುಕೊಂಡರೆ ಸಾಲದೆ? ವರ್ಷವರ್ಷವೂ ಸೋಸುವುದಕ್ಕೆ ಕಾರಣವಿಲ್ಲ.

ನಾಲ್ಕನೆಯ ಯುಕ್ತಿಯನ್ನು ಮಾತ್ರ ಅಲ್ಲಗಳೆಯಲಾಗದು. ಅಂಶಪದ್ಧತಿಯ ವಿತರಕನಿಗೆ ವರ್ಷಕ್ಕೆ ಹತ್ತು ಪ್ರತಿ ಹೋಗುವ ಪುಸ್ತಕದಿಂದ ಬರುವುದು ೨೦೦ ರೂಪಾಯಿ. ಇಷ್ಟಕ್ಕೆ ಅವನು ಆ ಪುಸ್ತಕದ ಪ್ರಚಾರಕ್ಕೆ ವಿಶೇಷವಾಗಿ ದುಡಿಯುವನೆಂದು ನಿರೀಕ್ಷಿಸಲಾಗದು. ಅದನ್ನು ಅಂಗಡಿಯಲ್ಲಿ ಇರಗೊಟ್ಟರೆ ಅದೇ ಉಪಕಾರ. ಇಂತಹ ಪುಸ್ತಕಗಳೇ ಹೆಚ್ಚಾದಾಗ ಸಂಸ್ಥೆಯು ಕರಾರನ್ನು ಬದಲಾಯಿಸಬಹುದು, ಬೇರೆಯವರ ಕೈಗೆ ಹೋಗಲೂ ಬಹುದು. ೨೦೨೨ರಲ್ಲಿ ಅಮೆರಿಕದ ಎರಡು ಸಂಸ್ಥೆಗಳು ಒಂದಾದುದನ್ನು ಮೇಲೆ ಹೇಳಿದೆ. ಆದುದರಿಂದ ಯಾವ ಪದ್ಧತಿಯನ್ನು ಹಿಡಿದರೂ, ಬೇಕಾದಾಗ ಬಿಟ್ಟುಬರುವ ಸ್ವಾತಂತ್ರ್ಯವನ್ನು ಲೇಖಕನು ಉಳಿಸಿಕೊಂಡಿರತಕ್ಕುದು.

೮. ಚಂದಾ ನಿಂತಾಗ

ಇಷ್ಟರವರೆಗೆ ಹಣದ ವಿಚಾರವಾಯಿತು. ಹಣಕ್ಕಿಂತ ಗುರುತರವಾದ ಪ್ರಶ್ನೆ ಮತ್ತೊಂದಿದೆ. ಚಂದಾವನ್ನು ಕಟ್ಟುವುದು ನಿಂತರೆ ಪುಸ್ತಕದ ಗತಿಯೇನು? ಚಂದಾವು ಸೇವೆಯ ಬೆಲೆಯಾದುದರಿಂದ, ಅದು ನಿಂತರೆ ಸೇವೆಯೂ ನಿಲ್ಲುವುದು ಸಹಜ. ವಿತರಕನು ಪುಸ್ತಕವನ್ನು ಅಂಗಡಿಗಳಿಂದ ಹಿಂದಕ್ಕೆ ತೆಗೆಯುವನು. ಅಚ್ಚಾದ ಪುಸ್ತಕವು ಮಾರಾಟವಾಗದಿದ್ದರೂ ಯಾವುದೋ ಗ್ರಂಥಾಲಯದ ಮೂಲೆಯಲ್ಲಿ, ಹ‍ಳೆಯ ಪುಸ್ತಕಗಳ ಅಂಗಡಿಯಲ್ಲಿ ಉಳಿದು, ಮೂವತ್ತು ವರ್ಷಗಳ ತರುವಾಯ ಬೇಕಾದವನ ಕೈಗೆ ಸಿಕ್ಕುವುದುಂಟು. ಅಂಗಡಿಯಿಂದ ಇಳಿದ ಇ-ಪುಸ್ತಕವನ್ನು ಹೊಸದಾಗಿ ಹುಡುಕಿಕೊಂಡು ಬಂದವನಿಗೆ ಅಂತಹ ಮೂಲೆಯೂ ಇಲ್ಲ.

ಭಾರತದಲ್ಲಿ ಗ್ರಂಥಸ್ವಾಮ್ಯವು ಲೇಖಕನ ಮರಣಾನಂತರ ಅರುವತ್ತು ವರ್ಷಗಳವರೆಗೆ ನಡೆಯುತ್ತದೆ. ಮೇಲಿನ ಕಲ್ಪಿತ ದರದಲ್ಲಿ ಅರುವತ್ತು ವರ್ಷಗಳ ಚಂದಾ ೧,೪೪,೦೦೦ ರೂಪಾಯಿ. ತಾತನ ವ್ಯಾಕರಣಗ್ರಂಥವು ವರ್ಷಕ್ಕೆ ಹತ್ತು ಪ್ರತಿ ಹೋಗುವುದಕ್ಕಾಗಿ ಇಷ್ಟು ಹಣವನ್ನು ಮೊಮ್ಮಕ್ಕಳು ತೆರುವರೆಂದು ನಂಬುವುದು ಕಷ್ಟ. ಹಕ್ಕು ಜೀವಂತವಾಗಿಯೇ ಇರುತ್ತದೆ. ಪುಸ್ತಕ ಮಾತ್ರ ಕಣ್ಮರೆಯಾಗುತ್ತದೆ. ಅಂಶಪದ್ಧತಿಯಲ್ಲಿಯಾದರೋ, ಕರಾರು ಬದಲಾಗದೆ ಇರುವವರೆಗೆ, ಯಾರೂ ಏನನ್ನೂ ತೆರದಿದ್ದರೂ ಪುಸ್ತಕವು ಇದ್ದೆಡೆಯಲ್ಲಿಯೇ ಇರುತ್ತದೆ. ಕಾದಂಬರಿಗೂ ಕೋಶಕ್ಕೂ ಇರುವ ಭೇದವು ಇಲ್ಲಿ ವ್ಯಕ್ತವಾಗುತ್ತದೆ. ಕಾದಂಬರಿಯು ಬೇಗನೆ ಬಹುಜನರಿಗೆ ಬೇಕಾಗುತ್ತದೆ. ಶಾಸ್ತ್ರಗ್ರಂಥವು ನಿಧಾನವಾಗಿ ಕೆಲವರಿಗೆ ಬಹುಕಾಲ ಬೇಕಾಗುತ್ತದೆ. ನಿಧಾನವಾಗಿ ಫಲಕೊಡುವ ಮರಕ್ಕೆ ವರ್ಷವರ್ಷದ ಗುತ್ತಿಗೆಯು ಹೊಂದುವುದಿಲ್ಲ.

೯. ಕನ್ನಡ ಗ್ರಂಥಕರ್ತರು ಗಮನಿಸತಕ್ಕುವು

ಕನ್ನಡದಲ್ಲಿ ಬರೆಯುವವರಿಗೆ ಈ ಸಾಮಾನ್ಯವಿಚಾರದ ಜೊತೆಗೆ ಕೆಲವು ವಿಶೇಷಗಳುಂಟು.

(ಅ) ಬಹಳ ಅಂಗಡಿಗಳಿಗೆ ಪುಸ್ತಕವನ್ನು ಮುಟ್ಟಿಸುವೆವೆಂಬುದು ಚಂದಾಸಂಸ್ಥೆಗಳ ಮುಖ್ಯವಾದ ಆಕರ್ಷಣೆ. ಆದರೆ ಅಂಗಡಿಗಳ ಸಂಖ್ಯೆಯೇ ಪ್ರಯೋಜನವಲ್ಲ. ಅಲ್ಲಿ ಕನ್ನಡ ಪುಸ್ತಕಕ್ಕೆ ಪ್ರವೇಶವಿದೆಯೇ, ಕನ್ನಡ ಓದುವವರು ಅಲ್ಲಿಗೆ ಬರುವರೇ ಎಂಬುದು ಮುಖ್ಯ. ೨೦೧೬ರ ಡಿಸೆಂಬರಿನಲ್ಲಿ ಅಮೆಜಾನಿನವರು ಕಿಂಡಲಿನಲ್ಲಿ ಭಾರತೀಯ ಭಾಷೆಗಳ ಪುಸ್ತಕಗಳನ್ನು ತಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಎಂಬ ಐದು ಭಾಷೆಗಳಿದ್ದುವು; ಕನ್ನಡವು ಅವುಗಳಲ್ಲಿ ಇರಲಿಲ್ಲ. ಮುಂದೆ ೨೦೨೦ರಲ್ಲಿ ಕನ್ನಡ ಇ-ಪುಸ್ತಕಗಳಿಗಾಗಿಯೇ ಮೈಲ್ಯಾಂಗ್ ಎಂಬ ಅಂಗಡಿಯು ತೆರೆಯಿತು. ತನ್ನ ಓದುಗರು ಒಂದೆರಡು ಅಂಗಡಿಗಳಲ್ಲಿಯೇ ಇರುವಾಗ ನೂರಾರು ಅಂಗಡಿಗಳ ದ್ವಾರಕ್ಕೆ ಚಂದಾ ಕೊಡುವುದು ನಿಷ್ಪ್ರಯೋಜನ.

(ಆ) ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚಾದ ಹಸ್ತಪ್ರತಿಯು ಯೂನಿಕೋಡಿಗೆ ಪರಿವರ್ತನೆಯಾಗದೆ ಇ-ಪುಸ್ತಕವಾಗದು. ಪರಿವರ್ತನೆಯಲ್ಲಿ ಒತ್ತಕ್ಷರಗಳೂ ಅರ್ಕಾವೊತ್ತೂ ಕೆಡುವ ಸಂಭವವುಂಟಾದುದರಿಂದ ಕರಡನ್ನು ಮತ್ತೆ ತಿದ್ದಲೇಬೇಕು. ಈ ವೆಚ್ಚವು ಎರಡು ಪದ್ಧತಿಗಳಲ್ಲಿಯೂ ಲೇಖಕನದೇ. ಪುಸ್ತಕವು ಸಿದ್ಧವಾಗುವ ಮೊದಲೇ ಚಂದಾ ಕಟ್ಟಲಾರಂಭಿಸಿದವನು ತಿದ್ದುವಿಕೆಯ ತಿಂಗಳುಗಳಿಗೂ ಹಣ ತೆತ್ತಂತಾಗುವುದು.

(ಇ) ಪುಸ್ತಕಕ್ಕೆ ಐ.ಎಸ್.ಬಿ.ಎನ್. ಸಂಖ್ಯೆಯನ್ನು ವಿತರಕರು ತಾವೇ ಕೊಡುವುದುಂಟು. ಆಗ ಪ್ರಕಾಶಕರ ಸ್ಥಾನದಲ್ಲಿ ವಿತರಕರ ಹೆಸರು ಸೇರುವ ಸಂಭವವಿದೆ. ಅಮೆರಿಕದಲ್ಲಿ ಈ ಸಂಖ್ಯೆಗೆ ಬೆಲೆ ಕೊಡಬೇಕು. ಭಾರತದಲ್ಲಾದರೋ ದೆಹಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆಯು ಅದನ್ನು ಉಚಿತವಾಗಿ ಕೊಡುತ್ತದೆ. ಸ್ವಂತಸಂಖ್ಯೆಯನ್ನು ಪಡೆದ ಲೇಖಕನು ವಿತರಕನನ್ನು ಬದಲಾಯಿಸುವಾಗ ಪುಸ್ತಕದ ಗುರುತನ್ನು ಕಳೆದುಕೊಳ್ಳುವುದಿಲ್ಲ.

(ಈ) ಚಿತ್ರಗಳು, ಶಾಸನಗಳ ಪಡಿಯಚ್ಚುಗಳು ಇರುವ ಗ್ರಂಥಗಳು ಗಾತ್ರದಲ್ಲಿ ದೊಡ್ಡವು. ಅಮೆಜಾನಿನ ೭೦ರ ದರದಲ್ಲಿ ಪುಸ್ತಕದ ಗಾತ್ರಕ್ಕನುಸಾರವಾಗಿ, ಅಮೆರಿಕದಲ್ಲಿ ಒಂದು ಮೆಗಾಬೈಟಿಗೆ ೧೫ ಸೆಂಟಿನಂತೆ, ರವಾನೆಯ ವೆಚ್ಚವನ್ನು ಕಳೆಯುವ ಕ್ರಮವಿದೆ. ಅಂಶವೂ ಅಲ್ಲದ ಚಂದಾವೂ ಅಲ್ಲದ ಇಂತಹ ಮೂರನೆಯ ಕಡಿತವನ್ನೂ ಕರಾರಿನಲ್ಲಿ ಹುಡುಕಿ ನೋಡಬೇಕು.

೧೦. ಉಪಸಂಹಾರ

ಮೇಲಿನ ವಿಚಾರದಿಂದ ಸಿದ್ಧವಾಗುವುದೇನೆಂದರೆ: ಚಂದಾ ಅಗ್ಗವೋ ಅಂಶ ಅಗ್ಗವೋ ಎಂಬ ಪ್ರಶ್ನೆಗೆ ಎಲ್ಲರಿಗೂ ಒಪ್ಪುವ ಒಂದೇ ಉತ್ತರವಿಲ್ಲ. ಪುಸ್ತಕವು ಮಾರಾಟವಾಗದಿದ್ದಾಗ ನಷ್ಟವನ್ನು ಹೊರುವವರಾರು ಎಂಬುದೇ ಮೂಲಪ್ರಶ್ನೆ. ಅಂಶಪದ್ಧತಿಯಲ್ಲಿ ಅದನ್ನು ವಿತರಕನು ಹೊರುವನು. ಚಂದಾಪದ್ಧತಿಯಲ್ಲಿ ಲೇಖಕನು ಹೊರುವನು. ಅನೇಕ ಗ್ರಂಥಗಳನ್ನು ಬರೆದು ನಿಯತವಾಗಿ ಬಹಳ ಪ್ರತಿಗಳನ್ನು ಮಾರುವ ಲೇಖಕನಿಗೆ ಆ ಭಾರವು ಭಾರವೇ ಅಲ್ಲವಾದುದರಿಂದ ಚಂದಾವು ಅವನಿಗೆ ಹಿತ. ಒಂದೋ ಎರಡೋ ಗ್ರಂಥಗಳನ್ನು ಜೀವಮಾನದ ಶ್ರಮದಿಂದ ರಚಿಸಿ, ವರ್ಷಕ್ಕೆ ಹತ್ತು ಜನ ಜಿಜ್ಞಾಸುಗಳಿಗಾಗಿ ಇಟ್ಟುಹೋಗುವವನಿಗೆ ಅಂಶವೇ ಹಿತ. ಅವನ ಗ್ರಂಥಕ್ಕೂ ಅದೇ ಆಯುಷ್ಕರ.

ನಿವೃತ್ತರಾದ ಅಧ್ಯಾಪಕರೂ ಸಂಶೋಧಕರೂ ತಮ್ಮ ಗ್ರಂಥಗಳನ್ನು ತಾವೇ ಇ-ಪುಸ್ತಕಗಳಾಗಿ ಹೊರಡಿಸಲು ಉದ್ಯುಕ್ತರಾಗುವಾಗ, ಮೊದಲನೆಯ ವರ್ಷದ ಲಾಭವನ್ನು ಮಾತ್ರ ನೋಡದೆ, ತಾವಿಲ್ಲದ ಕಾಲದಲ್ಲಿ ಆ ಗ್ರಂಥವನ್ನು ಅಂಗಡಿಯಲ್ಲಿ ಉಳಿಸುವವರಾರೆಂಬುದನ್ನೂ ಆಲೋಚಿಸುವುದು ಉಚಿತ. ಗ್ರಂಥಸ್ವಾಮ್ಯದ ಪತ್ರ, ಐ.ಎಸ್.ಬಿ.ಎನ್. ಸಂಖ್ಯೆ, ತಿದ್ದಿದ ಮೂಲಪ್ರತಿ, ವಿತರಕನೊಡನೆ ಮಾಡಿಕೊಂಡ ಕರಾರು ಈ ನಾಲ್ಕನ್ನು ಒಂದೆಡೆ ಕಟ್ಟಿಟ್ಟು ಮನೆಯವರಿಗೆ ತಿಳಿಸಿರುವ ಲೇಖಕನ ಪುಸ್ತಕವು, ಯಾವ ಪದ್ಧತಿಯಲ್ಲಿದ್ದರೂ, ಅವನ ತರುವಾಯವೂ ಓದುಗರಿಗೆ ದೊರೆಯುತ್ತಿರುವುದು.